ನಾನು ಹೋಗದ ಮೂರು ದಿನ

ನಮ್ಮ ಕಾಲದಲ್ಲಿ ಪ್ರಾಕ್ಸಿ ಹಾಕದೆ ಇಂಜಿನಿಯರಿಂಗ್ ಮುಗಿಸಿದವರು ಯಾರಾದರೂ ಇದ್ದರೆ ಅವರನ್ನು ನಾನಂತೂ ನೋಡಿಲ್ಲ. ಪ್ರಾಕ್ಸಿ ಅಂದರೆ ಬೇರೇನಲ್ಲ, ಕ್ಲಾಸಿಗೆ ಬಾರದ ಗೆಳತಿಯ ನಂಬರನ್ನು ಮೇಷ್ಟ್ರು ಕೂಗಿದಾಗ ಅವಳ ಪರವಾಗಿ ನಾವು ‘ಪ್ರೆಸೆಂಟ್ ಸರ್’ ಅನ್ನುವುದು. ಮೈಸೂರಿನಲ್ಲಿ ಓದುವಾಗ ಈ ವಿದ್ಯೆಯಲ್ಲಿ ನನ್ನದು ಎತ್ತಿದ ಕೈ. ಮೂರು ಬೇರೆ ಬೇರೆ ದನಿ ತೆಗೆದು ಮೂವರ ಹಾಜರಿ ಹಾಕಿಸುತ್ತಿದ್ದೆ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತುತ್ತಲೇ ಇರಲಿಲ್ಲ. ಅದು ಸುಳ್ಳು ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ, ಸಹಾಯ ಅಂದುಕೊಂಡಿದ್ದೆವು. ಇಪ್ಪತ್ತು ವರ್ಷದ ಮೇಲೆ ಮಲೇಷ್ಯಾದಲ್ಲಿ, ಕೊರೋನಾ ಇನ್ನೂ ಪೂರ್ತಿ ಹೋಗಿರದ ದಿನಗಳಲ್ಲಿ, ಒಬ್ಬರು ನನಗೂ ಅದೇ ಸಹಾಯ ಮಾಡಿದರು.

ನಾವಿರುವುದು ಸುಬಾಂಗ್ ಜಯಾದಲ್ಲಿ, ಹನ್ನೊಂದನೇ ಮಹಡಿಯ ಮನೆ. ನಾವಿಬ್ಬರೇ, ನಾನು ಮತ್ತು ನನ್ನ ಗಂಡ. ಇವರಿಗೆ ಬೇರೆಯವರ ಕಿಡ್ನಿ ಹಾಕಿ ಆಗ ನಾಲ್ಕು ವರ್ಷವಾಗಿತ್ತು. ಹೊರಗಿನಿಂದ ಬಂದ ಕಿಡ್ನಿಯ ಮೇಲೆ ಮೈ ಜಗಳಕ್ಕೆ ನಿಲ್ಲದಿರಲಿ ಅಂತ, ಮೈಯ ಕಾವಲನ್ನೇ ಮಲಗಿಸಿಡುವ ಮಾತ್ರೆಗಳನ್ನು ದಿನಕ್ಕೆ ಎರಡು ಹೊತ್ತು ನುಂಗಬೇಕು. ಕಾವಲು ಮಲಗಿರುವ ಮನೆಗೆ ಯಾರು ಬೇಕಾದರೂ ನುಗ್ಗಬಹುದು. ಲಸಿಕೆ ಹಾಕಿಸಿದ್ದೆವು. ಆದರೆ ಈ ಮಾತ್ರೆ ನುಂಗುವವರಲ್ಲಿ ಅದು ಎಷ್ಟು ಕೆಲಸ ಮಾಡುತ್ತದೋ ಹೇಳಲಾಗದು ಅಂದ ಡಾಕ್ಟರು, ‘ಇವರಿಗೆ ಇದು ಬರಬಾರದು, ಅಷ್ಟೇ’ ಅಂದಿದ್ದರು. ಬಂದರೆ ಏನು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಾಗಾಗಿ ಎರಡು ವರ್ಷ ನಮ್ಮ ಮನೆಗೆ ಒಂದು ನರಪಿಳ್ಳೆಯೂ ಕಾಲಿಡಲಿಲ್ಲ. ನಾನು ಮನೆಯಿಂದಲೇ ಕೆಲಸ ಮಾಡಿದೆ. ಕೊತ್ತಂಬರಿ ಸೊಪ್ಪನ್ನೂ ಸೋಪು ನೀರಲ್ಲಿ ಅದ್ದಿ, ನೊರೆ ಬರುವ ಸಾರು ಮಾಡಿ ಇವರಿಂದ ಬೈಸಿಕೊಂಡವಳು ನಾನು.

ಅಂಥ ಹೊತ್ತಿನಲ್ಲಿ ಹತ್ತಿರದ ಪುತ್ರಜಯಾ ಊರಿನಲ್ಲಿ ಒಂದು ಸಮ್ಮೇಳನ ಬಂತು. ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷೆ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಆ ಕಸುಬಿನ ಪ್ರಮಾಣಪತ್ರವನ್ನು ಆಗಾಗ ಹೊಸದು ಮಾಡಿಸಬೇಕು, ಅದಕ್ಕೆ ಇಂಥ ಸಮ್ಮೇಳನದ ಹಾಜರಿ ಬೇಕು. ಎರಡು ವರ್ಷ ಎಲ್ಲವೂ ಕಂಪ್ಯೂಟರಿನ ಪರದೆಯಲ್ಲೇ ನಡೆದಿತ್ತು, ಈ ಸಲ ಮೂರು ದಿನ ಖುದ್ದಾಗಿ ಬರಬೇಕು ಅಂದರು. ಪ್ರಮಾಣಪತ್ರ ಇಲ್ಲದಿದ್ದರೆ ನನ್ನ ಕೆಲಸಕ್ಕೆ ಕುತ್ತು. ಕೆಲಸ ಇಲ್ಲದಿದ್ದರೆ ನಮ್ಮಿಬ್ಬರ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಇವರ ಆಸ್ಪತ್ರೆ ಇಲ್ಲ. ಬಾಸಿಗೆ ಫೋನ್ ಮಾಡಿ ಗಂಡನ ಸ್ಥಿತಿ ಹೇಳಿದೆ. ಅವರು ಒಳ್ಳೆಯವರೇ, ಆದರೆ ಒಳ್ಳೆಯವರಿಗೂ ನಿಯಮ ಅಂತ ಒಂದು ಇರುತ್ತದೆ. ‘ಎಲ್ಲಾ ಎಚ್ಚರಿಕೆ ತಗೊಂಡಿದಾರೆ ಲಾ, ನಿಮ್ಮ ಮನೆಗಿಂತ ಅಲ್ಲೇ ಸೇಫ್’ ಅಂತ, ಇಲ್ಲಿಯವರ ಮಾತಿಗೆಲ್ಲ ಅಂಟಿಕೊಳ್ಳುವ ‘ಲಾ’ ಸೇರಿಸಿ ಹೇಳಿ, ಒಂದು ಕಡತ ಕಳಿಸಿದರು.

ಕಡತ ಓದಿ ನನಗೆ ಮೆಚ್ಚುಗೆಯೇ ಆಯಿತು. ಬೆಳಿಗ್ಗೆ ಎಂಟರೊಳಗೆ ಪ್ರತಿಯೊಬ್ಬರೂ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿಕೊಂಡು, ಕಿಟ್ಟಿನ ಫೋಟೋ ಕಳಿಸಬೇಕು. ಊಟದ ಹೊತ್ತು ಬಿಟ್ಟರೆ ಮಾಸ್ಕ್ ತೆಗೆಯುವಂತಿಲ್ಲ. ಕುರ್ಚಿಗಳು ದೂರ ದೂರ. ಕೈಗೆ ಬಣ್ಣದ ಪಟ್ಟಿ, ಹಸಿರು ಕಟ್ಟಿದವರ ಕೈ ಕುಲುಕಬಹುದು, ಹಳದಿಯವರಿಗೆ ಮೊಣಕೈ ಮಾತ್ರ, ಕೆಂಪಿನವರಿಗೆ ದೂರದಿಂದಲೇ ನಮಸ್ಕಾರ. ಇದೆಲ್ಲದರ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬ್ಯಾಡ್ಜು. ಅದನ್ನು ಕೊರಳಿಗೆ ಹಾಕಿಕೊಂಡಿರಬೇಕು. ಇನ್ನೊಂದು ಬ್ಯಾಡ್ಜು ಒಂದು ಮೀಟರಿಗಿಂತ ಹತ್ತಿರ ಬಂದರೆ ಎರಡೂ ಕುಂಯ್ ಅನ್ನುತ್ತವೆ. ಯಾರ ಹತ್ತಿರ ಎಷ್ಟು ನಿಮಿಷ ಇದ್ದಿರಿ ಅಂತ ಅದು ಬರೆದಿಟ್ಟುಕೊಂಡು, ಸಂಜೆ ಆರಕ್ಕೆ ನಿಮ್ಮ ಫೋನಿಗೆ ಪಟ್ಟಿ ಕಳಿಸುತ್ತದೆ. ಬಾಗಿಲು ದಾಟಿದಾಗ ಹಾಜರಿಯನ್ನೂ ಅದೇ ಹಾಕುತ್ತದೆ. ನಾನು ತಪ್ಪು ಹುಡುಕುವವಳಲ್ಲವೇ, ಎರಡನೇ ಸಲ ಓದಿದಾಗ ಒಂದು ತೂತು ಕಂಡಿತು. ಬ್ಯಾಡ್ಜು ಎಲ್ಲಿದೆ ಅನ್ನುವುದು ಬ್ಯಾಡ್ಜಿಗೆ ಗೊತ್ತು, ಅದು ಯಾರ ಹತ್ತಿರ ಇದೆ ಅನ್ನುವುದು ಗೊತ್ತಿಲ್ಲ.

ಆ ತೂತನ್ನು ನನಗಿಂತ ಮೊದಲೇ ಕಂಡವರು ಹುಬ್ಬಳ್ಳಿಯವರು. ನಾವು ಊರಿನ ಹೆಸರಿನಿಂದಲೇ ಕರೆಯುತ್ತಿದ್ದ ಅವರು ನನ್ನದೇ ಆಫೀಸಿನವರು, ತಮ್ಮನ ಹಾಗೆ, ನನಗಿಂತ ಹತ್ತು ವರ್ಷ ಚಿಕ್ಕವರು, ಎರಡು ಬೀದಿ ಆಚೆ ಒಬ್ಬರೇ ಇದ್ದರು. ಲಾಕ್‌ಡೌನಿನ ದಿನಗಳಲ್ಲಿ ನಮಗೆ ತರಕಾರಿ ತಂದು ಬಾಗಿಲ ಮುಂದೆ ಇಟ್ಟು, ಐದು ಹೆಜ್ಜೆ ಹಿಂದೆ ಸರಿದು, ಕಾರಿಡಾರಿನ ಗೋಡೆಗೆ ಒರಗಿ ಇವರ ಜೊತೆ ಹರಟುತ್ತಿದ್ದರು. ಐದು ಹೆಜ್ಜೆಯನ್ನು ಅವರು ಒಂದು ದಿನವೂ ನಾಲ್ಕು ಮಾಡಲಿಲ್ಲ. ನಮ್ಮ ಪಾಲಿಗೆ ಹೊರಗಿನ ಲೋಕ ಅಂದರೆ ಅವರೊಬ್ಬರೇ ಆಗಿದ್ದರು.

‘ಅಕ್ಕಾರ, ನೀವು ಸುಮ್ನ ಮನ್ಯಾಗ ಕುಂದರ್ರಿ. ನಿಮ್ಮ ಬ್ಯಾಡ್ಜ್ ನಾ ತಗೊಂಡ್ ಅಡ್ಡಾಡ್ತೀನಿ. ಕಾಲೇಜಿನ್ಯಾಗ ಮಾಡಿಲ್ಲೇನು? ಪ್ರಾಕ್ಸಿ ಅಷ್ಟ.’

ನಮ್ಮ ಆಫೀಸಿನವರ ಬ್ಯಾಡ್ಜುಗಳನ್ನೆಲ್ಲ ಕೌಂಟರಿನಲ್ಲಿ ಇಸಿದುಕೊಳ್ಳುವ ಜವಾಬ್ದಾರಿ ಅವರದೇ ಆಗಿತ್ತು. ಎಲ್ಲರಿಗೂ ಮಾಸ್ಕು, ಯಾರ ಮುಖ ಯಾರು ನೋಡುತ್ತಾರೆ? ನನ್ನ ಗಂಡನ ಕಡೆ ನೋಡಿದೆ. ‘ನೀನು ಹೋಗದಿದ್ರೆ ಸಾಕಪ್ಪ ನಂಗೆ’ ಅಂದರು. ನಾನು ಒಪ್ಪಿಕೊಂಡೆ. ಭಯಪಟ್ಟು ಒಪ್ಪಿಕೊಂಡೆ ಅಂತ ಹೇಳಿದರೆ ಅರ್ಧ ನಿಜ. ಹಳೇ ವಿದ್ಯೆ ಮತ್ತೆ ಕೈಹತ್ತಿತು ಅನ್ನುವ ಖುಷಿಯೂ ಇತ್ತು.

ಮೊದಲ ದಿನ ಬೆಳಿಗ್ಗೆ ಎದ್ದು ಪ್ರಾಮಾಣಿಕವಾಗಿ ಮೂಗಿಗೆ ಕಡ್ಡಿ ಹಾಕಿಕೊಂಡೆ. ಒಂದೇ ಗೆರೆ ಬಂತು, ಏನೂ ಇಲ್ಲ. ಫೋಟೋ ಕಳಿಸಿದೆ. ಅಷ್ಟರಮಟ್ಟಿಗೆ ಸುಳ್ಳಿಲ್ಲ ಅಂತ ಸಮಾಧಾನ. ಒಂಬತ್ತು ಗಂಟೆಗೆ ನೈಟಿಯಲ್ಲಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಫೋನಿಗೆ ಸಂದೇಶ ಬಂತು: ‘ಸುಸ್ವಾಗತ. ನೀವು ಮುಖ್ಯ ಸಭಾಂಗಣ ಪ್ರವೇಶಿಸಿದ್ದೀರಿ.’ ನಕ್ಕೆ. ಹತ್ತೂವರೆಗೆ ಇನ್ನೊಂದು: ‘ನೀವು ಎರಡನೇ ಸಭಾಂಗಣದಲ್ಲಿದ್ದೀರಿ.’ ಆಗಲೂ ನಕ್ಕೆ, ಸ್ವಲ್ಪ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ‘ಊಟದ ಕೋಣೆಯಲ್ಲಿದ್ದೀರಿ’ ಅಂತ ಬಂದಾಗ ನಾನು ತಟ್ಟೆ ಮುಂದೆ ಕೂತಿದ್ದೆ. ತುತ್ತು ಕೈಯಲ್ಲೇ ನಿಂತಿತು. ಯಾಕೆ ಅಂತ ಇವರು ಕೇಳಿದರು, ಏನಿಲ್ಲ ಅಂದೆ.

ಅಲ್ಲಿ ಇರುವುದು ಸುಲಭವಾಗಿತ್ತು, ಮನೆಯಲ್ಲಿ ಇಲ್ಲದಿರುವುದು ಕಷ್ಟವಾಯಿತು. ಎದುರಿನ ಕಟ್ಟಡದಲ್ಲಿ ನಮ್ಮ ಆಫೀಸಿನ ಒಬ್ಬರ ಸಂಸಾರ ಇತ್ತು, ಅವರ ಬಾಲ್ಕನಿಗೆ ನಮ್ಮ ಮನೆಯ ಹಾಲ್ ನೇರ ಕಾಣುತ್ತದೆ. ಅದಕ್ಕೆ ಬೆಳಿಗ್ಗೆಯೇ ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಎಳೆದು ಎಸಿ ಹಾಕಿದ್ದೆ. ಎರಡು ವರ್ಷ ಹಗಲೂ ರಾತ್ರಿ ಗಾಳಿಯಾಡಲಿ ಅಂತ ಕಿಟಕಿ ತೆರೆದಿಟ್ಟ ಮನೆ ಅದು. ಮುಚ್ಚಿದ ಮೇಲೆ ಮನೆಯ ಸದ್ದೇ ಬೇರೆಯಾಯಿತು. ಚಮಚ ಇಟ್ಟರೂ ಕೇಳುತ್ತಿತ್ತು.

ಮೂರು ಗಂಟೆಗೆ ಬೆಲ್ ಆಯಿತು. ಪಕ್ಕದ ಮನೆಯ ತಮಿಳು ಹೆಂಗಸು ಮತ್ತು ಅವಳ ಚಿಕ್ಕ ಮಗಳು. ನಾನು ಪುತ್ರಜಯಾಕ್ಕೆ ಹೋಗುತ್ತೇನೆ ಅಂತ ಹಿಂದಿನ ದಿನ ಅವಳಿಗೆ ನಾನೇ ಹೇಳಿದ್ದೆ. ಇವರು ಮಲಗಿದ್ದರು. ನಾನು ಬಾಗಿಲ ಹಿಂದೆ ಬರಿಗಾಲಲ್ಲಿ ಬಂದು ಉಸಿರು ಬಿಗಿಹಿಡಿದು ನಿಂತೆ. ನಡುವೆ ಇದ್ದದ್ದು ಒಂದು ಹಲಗೆ.

‘ಆಂಟಿ ಇಲ್ಲಮ್ಮ, ವಾ’ ಅಂದಳು ತಾಯಿ.

‘ಶೀ ಇಸ್ ದೇರ್’ ಅಂದಿತು ಮಗು.

‘ಇಲ್ಲಮ್ಮಾ, ಮೀಟಿಂಗ್ ಪೋಯಿಟ್ಟಾಂಗ.’ ಮೀಟಿಂಗಿಗೆ ಹೋಗಿದ್ದಾರೆ ಅಂತ ತಾಯಿ ಸಮಾಧಾನ ಹೇಳಿದಳು.

ಮಗು ಬಾಗಿ ಬಾಗಿಲ ಕೆಳಗಿನ ಸಂದಿಯಲ್ಲಿ ನೋಡಿರಬೇಕು. ನನ್ನ ಕಾಲ ಬಳಿ ಇದ್ದ ಬೆಳಕಿನ ಗೆರೆ ಒಂದು ಕ್ಷಣ ಕಪ್ಪಾಯಿತು. ನಾನು ಕಾಲು ಹಿಂದೆ ತೆಗೆದುಕೊಳ್ಳಲೂ ಹೆದರಿ ಹಾಗೇ ನಿಂತಿದ್ದೆ. ಅವರು ಹೋದ ಮೇಲೂ ಎಷ್ಟೋ ಹೊತ್ತು ಅಲ್ಲೇ ಇದ್ದೆ. ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗೆ ಆಗಿಬಿಟ್ಟೆನಲ್ಲ ಅಂತ ನಾಚಿಕೆಯಾಯಿತು.

ಆರಕ್ಕೆ ಪಟ್ಟಿ ಬಂತು. ‘ಇಂದು ನಿಮ್ಮ ಹತ್ತಿರ ಇದ್ದವರು’ ಅಂತ ತಲೆಬರಹ, ಕೆಳಗೆ ಬ್ಯಾಡ್ಜಿನ ನಂಬರುಗಳು. ಅರವತ್ತನಾಲ್ಕನೆಯವರು ಹನ್ನೆರಡು ನಿಮಿಷ, ಮೂವತ್ತೊಂದನೆಯವರು ನಾಲ್ಕು ನಿಮಿಷ, ಇನ್ನೂರ ಒಂಬತ್ತನೆಯವರು ಊಟದ ಹೊತ್ತಿನಲ್ಲಿ ಮೂವತ್ತೈದು ನಿಮಿಷ. ಎರಡು ವರ್ಷದಿಂದ ಗಂಡನ ಹೊರತು ಇನ್ನೊಬ್ಬರ ಹತ್ತಿರ ಮೂರು ನಿಮಿಷ ನಿಲ್ಲದ ನಾನು ಯಾರ ಜೊತೆಗೋ ಅರ್ಧ ಗಂಟೆ ಕೂತು ಊಟ ಮಾಡಿದ್ದೆ. ಹುಬ್ಬಳ್ಳಿಯವರಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರಿಗೆ ನಗುವೋ ನಗು.

‘ಎರಡೂ ಬ್ಯಾಡ್ಜ್ ಮೈಮ್ಯಾಲ ಇಟ್ಕೊಂಡ್ರ ಒಂದಕ್ಕೊಂದು ಕುಂಯ್ ಕುಂಯ್ ಅಂತಾವ್ರಿ ಅಕ್ಕಾರ. ಅದಕ್ಕ ನಂದನ್ನ ಹಾಲ್‌ನ್ಯಾಗ ನನ್ನ ಕುರ್ಚಿ ಮ್ಯಾಲ ಬಿಟ್ಟು, ನಿಮ್ದನ್ನ ಕಿಸೆದಾಗ ಇಟ್ಕೊಂಡು ತಿರಗಿದ್ನಿ. ನಂದು ಕುಂತು ಪಾಠ ಕೇಳ್ತು, ನಿಮ್ದು ನನ್ನ ಜೋಡಿ ಊಟ ಮಾಡ್ತು.’

ನಾವು ಮೂವರೂ ಸ್ಪೀಕರಿನಲ್ಲಿ ನಕ್ಕೆವು. ಅವರು ಆ ದಿನ ಎಲ್ಲೆಲ್ಲಿ ಹೋದರೋ ಅಲ್ಲೆಲ್ಲ ಇದ್ದದ್ದು ನನ್ನ ನಂಬರು, ಅವರ ನಂಬರು ಖಾಲಿ ಕುರ್ಚಿಯ ಮೇಲೆ. ಇದನ್ನು ಇಷ್ಟು ಬಿಡಿಸಿ ಹೇಳಿದ ಮೇಲೂ ನನ್ನ ತಲೆಗೆ ಏನೂ ಹೋಗಲಿಲ್ಲ.

ಎರಡನೇ ದಿನ ಬೆಳಿಗ್ಗೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬಾಸ್ ನನಗೆ ಬರೆದಿದ್ದರು, ನಿನ್ನೆ ನಿಮ್ಮನ್ನು ನೋಡಿ ಸಂತೋಷವಾಯಿತು, ಕರೆದೆ, ನೀವು ಕೇಳಿಸಿಕೊಳ್ಳದೆ ಹೊರಟುಹೋದಿರಿ ಅಂತ. ಯಾರನ್ನೋ ನೋಡಿದ್ದಾರೆ, ಮಾಸ್ಕಿನ ಮಹಿಮೆ ಅಂದುಕೊಂಡೆ. ಅದರ ಕೆಳಗೆ ಒಂದು ಫೋಟೋ ಇತ್ತು. ದೊಡ್ಡ ಸಭಾಂಗಣ, ದೂರ ದೂರ ಕೂತ ಜನ, ಎಲ್ಲರ ಮುಖ ವೇದಿಕೆಯ ಕಡೆಗೆ. ಕೊನೇ ಸಾಲಿನ ಕಂಬದ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕನ್ನಡಕ, ಬಿಳಿ ಮಾಸ್ಕು, ಸಾಸಿವೆ ಬಣ್ಣದ ದುಪಟ್ಟಾ, ಕೈಯಲ್ಲಿ ಕೆಂಪು ಪಟ್ಟಿ. ಅವಳೊಬ್ಬಳು ಮಾತ್ರ ಕ್ಯಾಮೆರಾ ಕಡೆ ನೋಡುತ್ತಿದ್ದಳು. ನನ್ನ ಗಂಡ ಫೋನ್ ತೆಗೆದುಕೊಂಡು ದೊಡ್ಡದು ಮಾಡಿ ನೋಡಿದರು.

‘ಇದು ನೀನೇ’ ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

‘ನಾನು ನಿಮ್ಮ ಜೊತೆ ಇಲ್ಲೇ ಇದ್ನಲ್ಲ.’

‘ಇದ್ದೆ ಅಂತ ಗೊತ್ತು. ಆದ್ರೆ ಇದು ನೀನೇ. ಬ್ಯಾಗ್ ಹಿಡ್ಕೊಂಡಿರೋದು ನೋಡು.’

ಬ್ಯಾಗನ್ನು ನಾನು ಹೆಗಲಿಗೆ ಹಾಕುವುದಿಲ್ಲ, ಎಡಗೈಯಲ್ಲಿ ಹೊಟ್ಟೆಗೆ ಅವುಚಿ ಹಿಡಿಯುತ್ತೇನೆ. ಅವಳೂ ಹಾಗೇ ಹಿಡಿದಿದ್ದಳು. ನಾನು ಎದ್ದು ಹೋಗಿ ಬೀರು ತೆಗೆದು ನೋಡಿದೆ. ಸಾಸಿವೆ ಬಣ್ಣದ ದುಪಟ್ಟಾ ಅಲ್ಲೇ ಇತ್ತು, ನಾನು ಮಡಿಸುವ ಹಾಗೆಯೇ ಮಡಿಸಿತ್ತು. ಅದನ್ನು ಮುಟ್ಟಿ ನೋಡಿ ವಾಪಸ್ಸು ಇಟ್ಟೆ. ಅದು ಸ್ವಲ್ಪ ತಣ್ಣಗಿತ್ತು. ಎಸಿ ಹಾಕಿದ ಮನೆಯಲ್ಲಿ ಬಟ್ಟೆ ತಣ್ಣಗೇ ಇರುತ್ತದೆ. ಅಷ್ಟಾದರೂ ಆ ದಿನ ಬೀರುವಿನ ಬಾಗಿಲಿಗೆ ಬೀಗ ಹಾಕಿದೆ, ಯಾಕೆ ಅಂತ ನನ್ನನ್ನು ಕೇಳಬೇಡಿ.

ಹನ್ನೊಂದು ಗಂಟೆಗೆ ಫೋನು ಎರಡು ಸಲ ಉದ್ದಕ್ಕೆ ಅಲುಗಿತು. ಸಂದೇಶ ಕೆಂಪು ಅಕ್ಷರದಲ್ಲಿತ್ತು. ಮೊದಲ ದಿನ ನೀವು ಸೋಂಕು ಪತ್ತೆಯಾದ ಒಬ್ಬರಿಂದ ಒಂದು ಮೀಟರಿನ ಒಳಗೆ ಮೂವತ್ತೈದು ನಿಮಿಷ ಇದ್ದಿರಿ. ದಯವಿಟ್ಟು ಕೂಡಲೇ ಸಭಾಂಗಣ ಬಿಟ್ಟು ಮನೆಗೆ ಹೋಗಿ. ಪ್ರತ್ಯೇಕ ಕೋಣೆಯಲ್ಲಿರಿ. ಮನೆಯವರಿಂದ ದೂರವಿರಿ.

ಇವರಿಗೆ ಓದಿ ಹೇಳಿದೆ. ಇವರು ಸೋಫಾದ ಆ ತುದಿಗೆ ಸರಿದು, ‘ದೂರ ಇರಮ್ಮ, ದೂರ ಇರು’ ಅಂದರು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೋಗದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ನೋಡು ಅಂದರು ಇವರು. ದೇವರ ಮುಂದೆ ಒಂದು ದೀಪ ಕೂಡ ಹಚ್ಚಿದೆ.

ಆಮೇಲೆ ಚಿಂತೆ ಶುರುವಾಯಿತು, ಆದರೆ ಬೇರೆ ಚಿಂತೆ. ಹೊರಡಿ ಅಂದ ಮೇಲೂ ನನ್ನ ಬ್ಯಾಡ್ಜು ಸಭಾಂಗಣದಲ್ಲಿ ತಿರುಗುತ್ತಿದ್ದರೆ ಸಂಘಟಕರು ಹುಡುಕಿಕೊಂಡು ಬರುತ್ತಾರೆ, ಸಿಕ್ಕಿಬೀಳುತ್ತೇವೆ. ತಕ್ಷಣ ಹುಬ್ಬಳ್ಳಿಯವರಿಗೆ ಫೋನ್ ಮಾಡಿದೆ. ‘ನನ್ನ ಬ್ಯಾಡ್ಜ್ ಹೊರಗೆ ತಗೊಂಡು ಹೋಗ್ಬಿಡಿ, ನಿನ್ನೆ ಸೋಂಕು ಇರೋರ ಹತ್ರ ಇದ್ನಂತೆ, ನನ್ನನ್ನ ಮನೆಗೆ ಹೋಗು ಅಂದಿದಾರೆ’ ಅಂದೆ. ಅವರು ಓಡಿಹೋಗಿ ಬ್ಯಾಡ್ಜನ್ನು ತಮ್ಮ ಕಾರಿನಲ್ಲಿಟ್ಟು ಬೀಗ ಹಾಕಿದರು. ತಮ್ಮ ಬ್ಯಾಡ್ಜನ್ನು ಕೊರಳಿಗೆ ಹಾಕಿಕೊಂಡು ಸಭೆಗೆ ವಾಪಸ್ಸು ಹೋಗಿ ಕೂತರು. ಸಂಘಟಕರಿಂದ ಸಂದೇಶ ಬಂತು: ನಿಯಮ ಪಾಲಿಸಿದ್ದಕ್ಕೆ ಧನ್ಯವಾದ, ನಿಮಗೆ ಪೂರ್ತಿ ಹಾಜರಿ ಕೊಡಲಾಗುವುದು.

ಇಬ್ಬರು ಇಂಜಿನಿಯರುಗಳು, ಅದರಲ್ಲಿ ಒಬ್ಬಳು ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು, ಮಾಡಿದ ಕೆಲಸ ಇದು.

ಮೂರನೇ ದಿನವೂ ನಾನು ಕಿಟಕಿ ತೆಗೆಯಲಿಲ್ಲ. ಈಗ ನಾನು ಲೆಕ್ಕಕ್ಕೆ ಪ್ರತ್ಯೇಕ ಕೋಣೆಯಲ್ಲಿ ಒಬ್ಬಳೇ ಇರಬೇಕಾದವಳು. ಗಂಡನ ಪಕ್ಕ ಹಾಲಿನಲ್ಲಿ ಕೂತದ್ದು ಎದುರಿನ ಬಾಲ್ಕನಿಯವರಿಗೆ ಕಂಡರೆ ಏನಂದುಕೊಂಡಾರು? ಪರದೆಗಳ ನಡುವಿನ ಸಂದಿಗೆ ಬಟ್ಟೆ ಕ್ಲಿಪ್ಪು ಹಾಕಿದೆ.

ಸಂಜೆ ಐದಕ್ಕೆ ಹುಬ್ಬಳ್ಳಿಯವರು ಬಂದರು. ಕೈಯಲ್ಲಿ ಸಮ್ಮೇಳನದ ಬ್ಯಾಗು, ಇನ್ನೊಂದು ಕೈಯಲ್ಲಿ ಕೆಳಗಿನ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ತಪಾವ್ ಅಂತ ಕಟ್ಟಿಸಿಕೊಂಡು ಬಂದ ರೊಟ್ಟಿ. ಎರಡನ್ನೂ ಬಾಗಿಲ ಮುಂದೆ ಇಟ್ಟು ರೂಢಿಯಂತೆ ಐದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದರು. ‘ಎಲ್ಲಾ ಮುಗೀತ್ರಿ ಅಕ್ಕಾರ’ ಅಂತ ದೊಡ್ಡ ದನಿಯಲ್ಲಿ ಶುರುಮಾಡಿದರು. ಪಕ್ಕದ ಮನೆಯ ಬಾಗಿಲ ಹಿಂದೆ ಚಪ್ಪಲಿ ಸದ್ದಾಯಿತು. ದೂರ ಇರಬೇಕಾದ ನನ್ನ ಬಾಗಿಲಲ್ಲಿ ಸಮ್ಮೇಳನದಿಂದ ಬಂದವರು ನಿಂತು ಮಾತಾಡುವುದೆಂದರೇನು? ನಾನು ಹೊರಗೆ ಹೋಗಿ ಅವರ ತೋಳು ಹಿಡಿದು ಎಳೆದೆ.

‘ಒಳಗ ಬ್ಯಾಡ್ರಿ ಅಕ್ಕಾರ.’

‘ಬನ್ನಿ, ಬನ್ನಿ. ಯಾರಾದ್ರೂ ನೋಡ್ತಾರೆ.’

ಇದನ್ನು ಬರೆಯುವಾಗಲೂ ಆ ಅಂಗಿಯ ಬಟ್ಟೆ ನನ್ನ ಬೆರಳಿಗೆ ಸಿಗುತ್ತದೆ. ಅವರು ಬೇಡ ಅಂದಿದ್ದರು. ಎಳೆದವಳು ನಾನು.

ಅವರು ಕೈ ತೊಳೆದರು. ಬೆಳಿಗ್ಗೆಯ ಪರೀಕ್ಷೆಯ ಫೋಟೋ ತಾವಾಗಿಯೇ ತೋರಿಸಿದರು, ಒಂದೇ ಗೆರೆ. ನನ್ನ ಗಂಡನ ಮುಖ ನೋಡಬೇಕಿತ್ತು ಆವಾಗ. ಎರಡು ವರ್ಷಕ್ಕೆ ಮನೆಯೊಳಗೆ ಬಂದ ಮೊದಲನೇ ಅತಿಥಿ. ‘ಕೂತ್ಕೊಳ್ಳಿ ಮಾರಾಯ್ರೇ, ಕೂತ್ಕೊಳ್ಳಿ’ ಅಂತ ತಮ್ಮ ಪಕ್ಕದ ದಿಂಬನ್ನೇ ತಟ್ಟಿ ತಟ್ಟಿ ತೋರಿಸಿದರು. ನಾನು ಕಾಫಿ ಕೊಟ್ಟು, ಬೋಂಡಾ ಮಾಡೋಣ ಅಂತ ಎಣ್ಣೆ ಇಟ್ಟೆ. ಕಾಫಿ ಕುಡಿಯಲು ಇಬ್ಬರ ಮಾಸ್ಕೂ ಗದ್ದಕ್ಕೆ ಇಳಿಯಿತು. ನನಗೆ ಅಡುಗೆಮನೆಯಿಂದ ಕಾಣುತ್ತಿತ್ತು. ಎಷ್ಟು ದಿನವಾಗಿತ್ತು ಇವರು ಹೀಗೆ ತಲೆ ಹಿಂದಕ್ಕೆ ಹಾಕಿ ನಕ್ಕು ಅಂತ ನನಗೆ ಸಂತೋಷವಾಯಿತು. ನಿಜವಾಗಿ ಸಂತೋಷವಾಯಿತು.

ಎರಡು ಸುತ್ತು ಬೋಂಡಾ ಆಗಿ ಮೂರನೆಯದು ಎಣ್ಣೆಗೆ ಬಿಟ್ಟಿದ್ದೆ. ಹುಬ್ಬಳ್ಳಿಯವರು ಕತೆ ಹೇಳುತ್ತಿದ್ದರು.

‘ಮೊದಲ್ನೇ ದಿನ ಊಟದಾಗ ಇಪೋ ಊರಾವ ಒಬ್ಬಾವ ಗಂಟ್ ಬಿದ್ದಿದ್ದ ನೋಡ್ರಿ. ಅರ್ಧ ತಾಸು ತಲಿ ತಿಂದ. ಬಾಜೂಕ ಕುಂತು ಅವನ ಮನಿ ಮೀನಿನ ತೊಟ್ಟಿ ಸುದ್ದೀನ ಹೇಳಿದ್ದ ಹೇಳಿದ್ದು. ಮರದಿನಾ ಬರಲೇ ಇಲ್ಲ ಪುಣ್ಯಾತ್ಮ, ನಾ ಬಚಾವಾದೆ.’

ಅವರು ಗಂಟಲು ಸರಿಮಾಡಿಕೊಂಡರು. ‘ಅಲ್ಲಿ ಎಸಿ ಭಾಳ ಥಂಡಿ ಇತ್ರಿ’ ಅಂದರು.

ಜಾಲರಿ ಸೌಟು ನನ್ನ ಕೈಯಲ್ಲಿತ್ತು. ಮೂವತ್ತೈದು ನಿಮಿಷ, ಊಟದ ಹೊತ್ತು. ಆ ಸಂದೇಶ ನನ್ನ ಫೋನಿಗೆ ಬಂತು, ಆದ್ದರಿಂದ ಅದು ನನ್ನ ಬಗ್ಗೆ ಅಂದುಕೊಂಡಿದ್ದೆ. ನಾನು ಅಲ್ಲಿರಲಿಲ್ಲ, ಆದ್ದರಿಂದ ಅಲ್ಲಿ ಯಾರೂ ಇರಲಿಲ್ಲ ಅಂದುಕೊಂಡಿದ್ದೆ. ಆದರೆ ಆ ರೋಗಿಯ ಪಕ್ಕದಲ್ಲಿ ಮಾಸ್ಕ್ ತೆಗೆದು ಮೂವತ್ತೈದು ನಿಮಿಷ ಒಬ್ಬ ಮನುಷ್ಯ ಕೂತಿದ್ದ. ಅವನ ಹೆಸರಿನ ಬ್ಯಾಡ್ಜು ಖಾಲಿ ಕುರ್ಚಿಯ ಮೇಲೆ ಕೂತಿತ್ತು, ಅದಕ್ಕೆ ಅವನಿಗೆ ಯಾವ ಎಚ್ಚರಿಕೆಯೂ ಹೋಗಲಿಲ್ಲ. ನನಗೆ ಬಂದ ಎಚ್ಚರಿಕೆಯನ್ನು ಓದಿ ನಾವು ಪ್ಲಾಸ್ಟಿಕ್ ಬ್ಯಾಡ್ಜನ್ನು ಕಾರಿನಲ್ಲಿ ಪ್ರತ್ಯೇಕವಾಗಿಟ್ಟು, ಮನುಷ್ಯನನ್ನು ಜನರ ನಡುವೆ ವಾಪಸ್ಸು ಕಳಿಸಿದ್ದೆವು. ಈಗ ಆ ಮನುಷ್ಯ ನನ್ನ ಗಂಡನ ಪಕ್ಕದಲ್ಲಿ, ಕಿಟಕಿ ಮುಚ್ಚಿದ ಮನೆಯಲ್ಲಿ, ನಲವತ್ತು ನಿಮಿಷದಿಂದ ಕೂತು ನಗುತ್ತಿದ್ದ.

ಹಾಲಿಗೆ ಬಂದೆ. ‘ಮಾಸ್ಕ್ ಹಾಕ್ಕೊಳ್ಳಿ’ ಅಂದೆ. ದನಿ ನನ್ನದು ಅನ್ನಿಸಲಿಲ್ಲ.

ಇಬ್ಬರೂ ನನ್ನ ಕಡೆ ನೋಡಿದರು. ಹುಬ್ಬಳ್ಳಿಯವರು ಬುದ್ಧಿವಂತರು, ನನ್ನ ಮುಖ ನೋಡಿ ತಾವೇ ಹಿಂದಕ್ಕೆ ಹೋಗಿ ಎಲ್ಲ ಕೂಡಿಸಿಕೊಂಡರು. ಎದ್ದರು, ಮಾಸ್ಕ್ ಏರಿಸಿ, ಬಾಯಿಗೆ ಅಂಗೈ ಒತ್ತಿ ಹಿಡಿದು, ಚಪ್ಪಲಿ ಮೆಟ್ಟದೆ ಕೈಯಲ್ಲಿ ಎತ್ತಿಕೊಂಡು ಹೊರಟುಹೋದರು. ನಾನು ಕ್ಲಿಪ್ಪು ಕಿತ್ತು ಪರದೆ ಸರಿಸಿ ಕಿಟಕಿಗಳನ್ನೆಲ್ಲ ತೆಗೆದೆ. ಇವರು ಕಪ್ಪು ಹಿಡಿದು ಕೂತಲ್ಲೇ ಕೂತಿದ್ದರು. ‘ಇರ್ಲಿ ಬಿಡು, ಏನೂ ಆಗಲ್ಲ’ ಅಂದರು. ಅಡುಗೆಮನೆಯಲ್ಲಿ ಬೋಂಡಾ ಕರಕಲಾಗಿ ಹೊಗೆ ಬರುತ್ತಿತ್ತು.

ಎರಡು ದಿನಕ್ಕೆ ಹುಬ್ಬಳ್ಳಿಯವರಿಗೆ ಎರಡು ಗೆರೆ ಬಂತು. ಐದನೇ ದಿನ ಇವರಿಗೆ ಜ್ವರ ಬಂತು. ನನಗೆ ಏನೂ ಆಗಲಿಲ್ಲ. ದಿನಾ ಪರೀಕ್ಷೆ ಮಾಡಿಕೊಂಡೆ, ದಿನಾ ಒಂದೇ ಗೆರೆ. ಬರಲಿ ಅಂತ ಬೇಡಿಕೊಂಡೆ ಕೂಡ.

ಆಸ್ಪತ್ರೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಗೋಡೆಯ ಹಿಂದೆ ಒಬ್ಬ ನರ್ಸ್ ಕೂತಿದ್ದಳು. ಮನೆಯಲ್ಲಿ ಯಾರಿಂದ ಬಂತು ಅಂತ ಕೇಳಿ, ನಾನು ಬಾಯಿ ತೆರೆಯುವ ಮೊದಲೇ, ಸಮ್ಮೇಳನದವರು ಆಸ್ಪತ್ರೆಗಳಿಗೆ ಕಳಿಸಿದ್ದ ಪಟ್ಟಿಯನ್ನು ತನ್ನ ಪರದೆಯಲ್ಲಿ ನೋಡಿ, ‘ಓ, ಪುವಾನ್, ಇಲ್ಲೇ ಇದೆ’ ಅಂದಳು. ಪುವಾನ್ ಅಂದರೆ ಅಮ್ಮಾ ಅಂದ ಹಾಗೆ. ಹೆಂಡತಿ, ಸಮ್ಮೇಳನ, ಸೋಂಕಿತರ ಪಕ್ಕ ಮೂವತ್ತೈದು ನಿಮಿಷ, ನಂತರ ಮನೆಗೆ. ಅವಳು ಓದುತ್ತಾ ಟೈಪ್ ಮಾಡಿದಳು. ನಾನು ಹೋಗೇ ಇರಲಿಲ್ಲ ಅಂತ ಹೇಳಿದರೆ ಹುಬ್ಬಳ್ಳಿಯವರ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ, ಕೊನೆಗೆ ಒಳಗೆ ಇವರನ್ನು ಮಲಗಿಸಿದ ಹಾಸಿಗೆಯೂ ಹೋಗುತ್ತದೆ. ಹೌದು ಅಂತ ತಲೆ ಆಡಿಸಿದೆ.

ಇವರು ಉಳಿದರು, ಅದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಕಿಡ್ನಿ ಉಳಿಯಲಿಲ್ಲ. ಜ್ವರ ಏರಿದ್ದ ದಿನ ನರ್ಸು ವಿಡಿಯೋದಲ್ಲಿ ಮುಖ ತೋರಿಸಿದಾಗ ಇವರು ನನ್ನನ್ನು ಗುರುತು ಹಿಡಿದು, ‘ಪುತ್ರಜಯಾದಿಂದ ಯಾವಾಗ ಬಂದೆ?’ ಅಂತ ಕೇಳಿದರು. ಜ್ವರದ ಬಡಬಡಿಕೆ ಅಂದುಕೊಂಡೆ. ಆದರೆ ಮನೆಗೆ ಬಂದ ಮೇಲೂ ಅದು ಹೋಗಲಿಲ್ಲ. ಕಾಯಿಲೆಯ ಹಿಂದಿನ ಒಂದೆರಡು ವಾರ ಇವರ ನೆನಪಿನಿಂದ ಪೂರ್ತಿ ಅಳಿಸಿಹೋಗಿದೆ. ಹುಬ್ಬಳ್ಳಿಯವರು ಬಂದದ್ದು, ದಿಂಬು ತಟ್ಟಿದ್ದು, ಸೋಫಾದ ತುದಿಗೆ ಸರಿದು ನಕ್ಕದ್ದು, ಒಂದೂ ಇಲ್ಲ. ಅಷ್ಟು ಜ್ವರ ಏರಿದಾಗ ಹೀಗೆ ಆಗುವುದುಂಟು ಅಂದರು ಡಾಕ್ಟರು. ಆಸ್ಪತ್ರೆಯ ಕಾಗದದಲ್ಲಿ ಆ ನರ್ಸು ಬರೆದದ್ದನ್ನು ಓದಿ ಇವರು ಆ ಖಾಲಿ ಜಾಗವನ್ನು ತುಂಬಿಕೊಂಡರು.

ಹುಬ್ಬಳ್ಳಿಯವರು ಎಲ್ಲ ಹೇಳಿಬಿಡುತ್ತೇನೆ ಅಂತ ಫೋನಿನಲ್ಲಿ ಅತ್ತರು. ನಾನೇ ತಡೆದೆ. ಅದೇ ವರ್ಷ ಕೆಲಸ ಬಿಟ್ಟು ಊರಿಗೆ ಹೋದರು. ಹಬ್ಬಕ್ಕೆ ಒಂದು ನಮಸ್ಕಾರ ಕಳಿಸುತ್ತಾರೆ, ನಾನೂ ಕಳಿಸುತ್ತೇನೆ. ಬಾಸ್ ನನ್ನನ್ನು ಸಭೆಯಲ್ಲಿ ಹೊಗಳಿದರು, ಹೇಳಿದ ಕೂಡಲೇ ಎದ್ದು ಹೊರಟ ಶಿಸ್ತಿನವಳು ಅಂತ. ಪ್ರಮಾಣಪತ್ರ ಬಂತು. ನಾನು ಮನೆಯಲ್ಲೇ ಇದ್ದೆ ಅಂತ ಕಣ್ಣಾರೆ ಕಂಡವರು ಲೋಕದಲ್ಲಿ ಒಬ್ಬರೇ ಇದ್ದರು, ಅವರಿಗೂ ಅದು ನೆನಪಿಲ್ಲ.

ಈಚೆಗೆ ನನಗೂ ಒಂದೊಂದು ಸಲ ಅನುಮಾನ ಬರುತ್ತದೆ. ನಾನು ಕಾಲಿಡದ ಆ ಸಭಾಂಗಣದ ನೆಲಹಾಸು ಬೂದು ಬಣ್ಣದ್ದು ಅಂತ ನನಗೆ ಗೊತ್ತಿದೆ. ಕಂಬದ ಪಕ್ಕ ನಿಂತರೆ ಎಸಿಯ ಗಾಳಿ ಕತ್ತಿನ ಹಿಂದೆ ಬೀಳುತ್ತದೆ ಅಂತಲೂ ಗೊತ್ತಿದೆ. ಫೋಟೋದಲ್ಲಿ ನೆಲ ಕಾಣುವುದಿಲ್ಲ.

ಹೇಳಬೇಕು ಅಂತ ಎಷ್ಟೋ ಸಲ ಇವರ ಮುಂದೆ ಕೂತಿದ್ದೇನೆ. ಕೆಲಸಕ್ಕಾಗಿ ಹೋಗಲೇಬೇಕಾಗಿ ಬಂದು, ಗೊತ್ತಿಲ್ಲದೆ ರೋಗ ತಂದ ಹೆಂಡತಿಯನ್ನು ಇವರು ಒಂದು ಮಾತೂ ಆಡದೆ ಕ್ಷಮಿಸಿದ್ದಾರೆ. ಮನೆಯಲ್ಲೇ ಕೂತು, ಎಚ್ಚರಿಕೆ ಓದಿ ನಕ್ಕು, ಬೇಡ ಅಂದವರನ್ನು ತೋಳು ಹಿಡಿದು ಒಳಗೆ ಎಳೆದವಳನ್ನು ಕ್ಷಮಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯ ನನಗಿಲ್ಲ.

ವಾರಕ್ಕೆ ಮೂರು ಬೆಳಿಗ್ಗೆ ಇವರಿಗೆ ಡಯಾಲಿಸಿಸ್. ನಾನು ಪಕ್ಕದ ಸ್ಟೂಲಿನಲ್ಲಿ ಕೂರುತ್ತೇನೆ. ಕಳೆದ ವಾರ ಆಚೆಯ ಕುರ್ಚಿಗೆ ಹೊಸಬರೊಬ್ಬರು ಬಂದರು, ವಯಸ್ಸಾದ ಚೀನೀಯರು. ನಿಮಗೆ ಹೇಗಾಯಿತು ಅಂತ ಇವರನ್ನು ಕೇಳಿದರು. ಇವರು ಸಮಾಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು, ಆ ಕಾಲದಲ್ಲಿ ನನ್ನ ಹೆಂಡತಿ ಒಂದು ಸಮ್ಮೇಳನಕ್ಕೆ ಹೋಗಿದ್ದಳು, ಪಾಪ ಹೋಗಲೇಬೇಕಿತ್ತು, ಎಲ್ಲಾ ಎಚ್ಚರಿಕೆ ತಗೊಂಡಿದ್ದಳು, ಆದರೂ ಅಲ್ಲಿಂದ ಬಂತು. ಆಮೇಲೆ ಸೂಜಿ ಇಲ್ಲದ ಕೈಯನ್ನು ನನ್ನ ಮಂಡಿಯ ಮೇಲಿಟ್ಟು ಕನ್ನಡದಲ್ಲಿ ಕೇಳಿದರು.

‘ಎಷ್ಟು ದಿನ ಇದ್ದೆ ನೀನು ಅಲ್ಲಿ?’

‘ಮೂರು ದಿನ’ ಅಂದೆ.